ರೋಗಿಯನ್ನು ನೋಡಲು ಹೊರಡುವ ಮುನ್ನ

ನಮ್ಮ ಮನೆಗಳಲ್ಲಿ ಯಾರಾದರೂ ಆಸ್ಪತ್ರೆಗೆ ದಾಖಲಾದರೆ ಮೊದಲು ಏಳುವ ಪ್ರಶ್ನೆ ರೋಗ ಯಾವುದು ಎಂಬುದಲ್ಲ. "ನೋಡ್ಲಿಕ್ಕೆ ಯಾವಾಗ ಹೋಗುವುದು?" ಎಂಬುದು. ಮಧ್ಯಾಹ್ನದ ಹೊತ್ತಿಗೆ ಮಾವನ ಮನೆಯವರು, ಸಂಜೆ ಚಿಕ್ಕಮ್ಮನ ಮಕ್ಕಳು, ಮಗ್ರಿಬ್ ಕಳೆದ ಮೇಲೆ ನೆರೆಕರೆಯವರು, ಜಮಾಅತಿನವರು. ಒಂದು ಫ್ಲಾಸ್ಕಿನಲ್ಲಿ ಗಂಜಿ, ಒಂದು ಚೀಲದಲ್ಲಿ ಕಿತ್ತಳೆ, ಮತ್ತೊಂದರಲ್ಲಿ ಎಳನೀರು. ಮಂಚದ ಸುತ್ತ ಎಂಟು ಮಂದಿ, ಬಾಗಿಲಲ್ಲಿ ನಾಲ್ಕು ಮಂದಿ, ಕೆಳಗೆ ಪಾರ್ಕಿಂಗ್‌ನಲ್ಲಿ ಕಾರಿನೊಳಗೆ ಮಕ್ಕಳು. ದುಬೈಯಲ್ಲೋ ದಮ್ಮಾಮಿನಲ್ಲೋ ಇರುವ ಮಗ ಫೋನಿನಲ್ಲಿ ಕೇಳುವುದೂ ಅದನ್ನೇ: "ಯಾರೆಲ್ಲ ಬಂದಿದ್ರು?"

ಇದರಲ್ಲಿ ತಪ್ಪೇನಿಲ್ಲ. ರೋಗಿಯನ್ನು ಕಂಡು ಬರುವುದು ನಮ್ಮ ಮೇಲಿರುವ ಹಕ್ಕುಗಳಲ್ಲಿ ಒಂದು ಎಂದು ಮದ್ರಸದಲ್ಲಿ ಕಲಿತು ಬೆಳೆದವರು ನಾವು. ಆಸ್ಪತ್ರೆಯ ಬಿಲ್ಲು ಕಟ್ಟಲು ಕೈಯಲ್ಲಿ ಹಣವಿಲ್ಲದ ಎಷ್ಟೋ ಮನೆಗಳಿಗೆ ಇದೇ ಜನಬಳಕೆ ಆಸರೆಯಾದದ್ದನ್ನು ನಾವು ಕಂಡಿದ್ದೇವೆ. ನೋಡಲು ಬಂದವರು ಹೋಗುವಾಗ ದಿಂಬಿನಡಿಯಲ್ಲಿ ಇಟ್ಟು ಹೋಗುವ ಐನೂರು, ಸಾವಿರ ರೂಪಾಯಿ ಎಷ್ಟು ಮಂದಿಯ ಮದ್ದಿನ ಖರ್ಚಿಗೆ ಆಗಿಲ್ಲ!

ಆದರೆ 2020ರಲ್ಲಿ ಇದೇ ಪ್ರೀತಿ ರೋಗಿಯ ಜೀವಕ್ಕೆ ಎರವಾಗಬಹುದಿತ್ತು. ಬಕ್ರೀದ್ ಹತ್ತಿರ ಬರುತ್ತಿತ್ತು. ಜಿಲ್ಲೆಯಲ್ಲಿ ಜುಲೈ 16ರಿಂದ ಮತ್ತೆ ಒಂದು ವಾರದ ಲಾಕ್‌ಡೌನ್ ಇತ್ತು. ಅದು ಮುಗಿದ ಕೂಡಲೇ ಹಬ್ಬ, ಹಬ್ಬದ ಬೆನ್ನಿಗೆ ಕುಟುಂಬ ಭೇಟಿ, ಆ ಭೇಟಿಯ ಪಟ್ಟಿಯಲ್ಲಿ ಮೊದಲ ಹೆಸರೇ ಕಾಯಿಲೆಯವರದ್ದು. "ಹಬ್ಬಕ್ಕಾದರೂ ಒಮ್ಮೆ ಹೋಗಿ ಮುಖ ನೋಡಿ ಬರುವ" ಎಂದು ಹೊರಡುವ ಮುನ್ನ ಎಲ್ಲರೂ ಒಂದು ಗಳಿಗೆ ಕೂತು ಯೋಚಿಸಬೇಕು ಎಂಬುದು ನಮ್ಮ ವಿನಂತಿಯಾಗಿತ್ತು.

ಕೊರೋನ ಎಲ್ಲರನ್ನೂ ಒಂದೇ ರೀತಿ ಕಾಡುವುದಿಲ್ಲ. ಚೀನಾದಲ್ಲಿ ಫೆಬ್ರವರಿಯಲ್ಲಿ ಪ್ರಕಟವಾದ ಲೆಕ್ಕವನ್ನೇ ನೋಡಿ. ಅಲ್ಲಿ ದೃಢಪಟ್ಟ 44,672 ಪ್ರಕರಣಗಳಲ್ಲಿ ಸತ್ತವರ ಪ್ರಮಾಣ ನೂರಕ್ಕೆ 2.3. ಬೇರೆ ಯಾವ ಕಾಯಿಲೆಯೂ ಇಲ್ಲದವರಲ್ಲಿ ಅದು ಒಂದಕ್ಕಿಂತಲೂ ಕಡಿಮೆ, ನೂರಕ್ಕೆ 0.9. ಆದರೆ ಮೊದಲೇ ಹೃದ್ರೋಗ ಇದ್ದವರಲ್ಲಿ ನೂರಕ್ಕೆ 10.5. ಸಕ್ಕರೆ ಕಾಯಿಲೆ ಇದ್ದವರಲ್ಲಿ 7.3, ರಕ್ತದೊತ್ತಡದವರಲ್ಲಿ 6, ಕ್ಯಾನ್ಸರ್ ರೋಗಿಗಳಲ್ಲಿ 5.6. ದೇಶ ದೇಶಕ್ಕೆ ಅಂಕಿ ಸ್ವಲ್ಪ ಆಚೀಚೆ ಆದೀತು. ಆದರೆ ಯಾರಿಗೆ ಹೆಚ್ಚು ಅಪಾಯ ಎಂಬುದರಲ್ಲಿ ಎಲ್ಲ ಕಡೆಯ ವೈದ್ಯರೂ ಹೇಳುವುದು ಒಂದೇ. ನಮ್ಮ ದೇಶದ ಮೊದಲ ಕೊರೋನ ಸಾವು ಸಂಭವಿಸಿದ್ದು ನಮ್ಮದೇ ರಾಜ್ಯದ ಕಲಬುರಗಿಯಲ್ಲಿ, ಮಾರ್ಚ್ ತಿಂಗಳಲ್ಲಿ. ಸೌದಿಯಿಂದ ಮರಳಿದ್ದ ಆ 76 ವರ್ಷದ ಹಿರಿಯರಿಗೂ ಮೊದಲೇ ಬಿಪಿ, ಉಬ್ಬಸ ಇತ್ತು.

ಹಾಗಿದ್ದರೆ ಹೃದಯದ ರೋಗಿಗೂ ಶ್ವಾಸಕೋಶದ ಈ ಸೋಂಕಿಗೂ ಎಂತ ಸಂಬಂಧ? ಜ್ವರ ಬಂದಾಗ ಶರೀರಕ್ಕೆ ಆಮ್ಲಜನಕ ಜಾಸ್ತಿ ಬೇಕು. ಅದನ್ನು ತಲುಪಿಸಲು ಹೃದಯ ವೇಗವಾಗಿ ಬಡಿದುಕೊಳ್ಳಬೇಕು. ಅದೇ ಹೊತ್ತಿಗೆ ಸೋಂಕಿನಿಂದಾಗಿ ಶ್ವಾಸಕೋಶ ರಕ್ತಕ್ಕೆ ಆಮ್ಲಜನಕ ಒದಗಿಸಲಾರದೆ ಸೋಲುತ್ತಿರುತ್ತದೆ. ಬೇಡಿಕೆ ಹೆಚ್ಚು, ಪೂರೈಕೆ ಕಡಿಮೆ. ಗಟ್ಟಿ ಹೃದಯ ಹೇಗೋ ತಡೆದುಕೊಳ್ಳುತ್ತದೆ. ಮೊದಲೇ ಬ್ಲಾಕ್ ಇರುವ, ಸ್ಟೆಂಟ್ ಹಾಕಿಸಿದ, ಪಂಪಿಂಗ್ ಕಡಿಮೆ ಇರುವ ಹೃದಯಕ್ಕೆ ಅದು ದೊಡ್ಡ ಹೊರೆ. ಸಾಲದ್ದಕ್ಕೆ ಈ ಸೋಂಕು ರಕ್ತನಾಳಗಳೊಳಗೆ ಉರಿಯೂತ ತರುತ್ತದೆ, ರಕ್ತ ಹೆಪ್ಪುಗಟ್ಟುವಂತೆ ಮಾಡುತ್ತದೆ, ಕೆಲವರಲ್ಲಿ ಹೃದಯದ ಸ್ನಾಯುವಿಗೇ ಪೆಟ್ಟು ಕೊಡುತ್ತದೆ.

ಕ್ಯಾನ್ಸರ್ ರೋಗಿಯ ಕಷ್ಟ ಬೇರೆ ತೆರನದ್ದು. ಕಿಮೋ ಮದ್ದು ಕ್ಯಾನ್ಸರ್ ಕಣಗಳನ್ನು ಕೊಲ್ಲುವಾಗ ಎಲುಬಿನ ಮಜ್ಜೆಯಲ್ಲಿ ಹುಟ್ಟುವ ಬಿಳಿ ರಕ್ತಕಣಗಳನ್ನೂ ಕೊಲ್ಲುತ್ತದೆ. ರೋಗಾಣುಗಳ ಎದುರು ನಿಲ್ಲುವ ಕಾವಲುಗಾರರು ಅವು. ಕಿಮೋ ಕೊಟ್ಟ ಒಂದೆರಡು ವಾರಗಳಲ್ಲಿ ಅವುಗಳ ಸಂಖ್ಯೆ ತೀರಾ ತಳಕ್ಕೆ ಇಳಿಯುತ್ತದೆ. ನಮ್ಮ ಜನ "ಕಿಮೋ ಕೊಟ್ಟು ಮನೆಗೆ ಬಂದಿದ್ದಾರೆ, ಈಗ ಹುಷಾರಿದ್ದಾರಂತೆ, ನೋಡಿ ಬರುವ" ಎಂದು ಹೊರಡುವುದು ಸರಿಯಾಗಿ ಅದೇ ದಿನಗಳಲ್ಲಿ! ರಕ್ತದ ಕ್ಯಾನ್ಸರ್ ಇದ್ದವರಲ್ಲಂತೂ ಕಾವಲು ಪಡೆಗೇ ಕಾಯಿಲೆ. ಅವರಿಗೆ ನಮ್ಮ ನಿಮ್ಮ ಸಾದಾ ಶೀತವೂ ಸಣ್ಣ ವಿಷಯ ಅಲ್ಲ.

ಇನ್ನು ಈ ಸೋಂಕು ಅವರ ಬಳಿಗೆ ತಲುಪುವುದು ಹೇಗೆ? ಮಂಚ ಬಿಟ್ಟು ಏಳಲಾಗದ ರೋಗಿ ತಾನಾಗಿ ಪೇಟೆಗೆ ಹೋಗಿ ಕೊರೋನ ತರುವುದಿಲ್ಲ. ಯಾರಾದರೂ ತಂದು ಕೊಡಬೇಕು. ವುಹಾನ್ ನಗರದ ಆಸ್ಪತ್ರೆಯೊಂದರಲ್ಲಿ ಜನವರಿಯಲ್ಲಿ ಚಿಕಿತ್ಸೆ ಪಡೆದ 138 ಕೊರೋನ ರೋಗಿಗಳ ಬಗ್ಗೆ ಅಲ್ಲಿನ ವೈದ್ಯರು ಬರೆದ ವರದಿ ಜಗತ್ತನ್ನೇ ಬೆಚ್ಚಿಬೀಳಿಸಿತ್ತು. ಅವರ ಪೈಕಿ 57 ಮಂದಿಗೆ ಸೋಂಕು ತಗಲಿದ್ದು ಆಸ್ಪತ್ರೆಯೊಳಗೇ ಎಂದು ಅಂದಾಜಿಸಲಾಗಿತ್ತು. ಅದರಲ್ಲಿ 40 ಮಂದಿ ವೈದ್ಯರು, ದಾದಿಯರು, ಸಿಬ್ಬಂದಿ. ಉಳಿದ 17 ಮಂದಿ ಬೇರೆ ಕಾಯಿಲೆಗೆಂದು ಬಂದು ದಾಖಲಾಗಿದ್ದವರು. ಗುಣವಾಗಲೆಂದು ಬಂದ ಜಾಗದಲ್ಲೇ ಹೊಸ ರೋಗ ಅಂಟಿಸಿಕೊಂಡವರು.

ಅಷ್ಟು ದೂರ ಯಾಕೆ, ಏಪ್ರಿಲ್‌ನಲ್ಲಿ ನಮ್ಮ ಮಂಗಳೂರಿನಲ್ಲೇ ಖಾಸಗಿ ಆಸ್ಪತ್ರೆಯೊಂದನ್ನು ಸೋಂಕಿನ ಕಾರಣಕ್ಕೆ ಸೀಲ್ ಮಾಡಬೇಕಾಯಿತು. ಅಲ್ಲಿಗೆ ಸೋಂಕು ತಂದವರು ಯಾರು ಎಂದು ಬೆರಳು ತೋರಿಸುವ ಕೆಲಸ ನಮಗೆ ಬೇಡ. ಈ ರೋಗಾಣುವಿನ ಸ್ವಭಾವವೇ ಹಾಗೆ. ಜ್ವರ, ಕೆಮ್ಮು ಶುರುವಾಗುವ ಎರಡು ದಿನ ಮೊದಲೇ ಅದು ಒಬ್ಬರಿಂದ ಇನ್ನೊಬ್ಬರಿಗೆ ದಾಟಬಲ್ಲದು. ಕೆಲವರಿಗೆ ಯಾವ ಲಕ್ಷಣವೂ ಕಾಣಿಸುವುದಿಲ್ಲ. "ನನಗೆ ಎಂತದ್ದೂ ಇಲ್ಲ, ನಾನು ಗಟ್ಟಿಮುಟ್ಟು ಇದ್ದೇನೆ" ಎಂದು ಎದೆ ತಟ್ಟಿ ವಾರ್ಡಿಗೆ ನುಗ್ಗುವ ಯುವಕನೇ ಅತಿ ದೊಡ್ಡ ಅಪಾಯ ಆಗಬಹುದು.

ನಮಗೆ ಗೊತ್ತಿರುವ ಒಂದು ಮನೆಯ ಸಂಗತಿ ಇಲ್ಲಿ ಹೇಳಬೇಕು. ಹೆಸರು, ಊರು ಬೇಡ. ಆ ಮನೆಯ ಉಮ್ಮನಿಗೆ ಸ್ತನ ಕ್ಯಾನ್ಸರ್. ಶಸ್ತ್ರಚಿಕಿತ್ಸೆ ಆಗಿ ಕಿಮೋ ನಡೆಯುತ್ತಿತ್ತು. ಮೇ ತಿಂಗಳಲ್ಲಿ ಮನೆಯ ಗೇಟಿಗೆ ಮಗಳು ಒಂದು ರಟ್ಟಿನ ತುಂಡು ಕಟ್ಟಿದಳು. ಅದರಲ್ಲಿ ಬರೆದದ್ದು ಇಷ್ಟೇ: ಉಮ್ಮನಿಗೆ ಚಿಕಿತ್ಸೆ ನಡೆಯುತ್ತಿದೆ, ದಯವಿಟ್ಟು ಒಳಗೆ ಬರಬೇಡಿ, ಸಲಾಂ ಹೇಳಿ ದುಆ ಮಾಡಿ. ಅದಕ್ಕೆ ಕುಟುಂಬದಲ್ಲಿ ಆದ ಮಾತು ಅಷ್ಟಿಷ್ಟಲ್ಲ. "ನಾವು ಎಂತ ರೋಗ ತರುವವರಾ?" "ಓದಿದ ಹುಡುಗಿಯ ಅಹಂಕಾರ ನೋಡಿ." ಹಿರಿಯ ಮಾವ ಒಬ್ಬರು ಗೇಟಿನಿಂದಲೇ ಮುನಿಸಿಕೊಂಡು ಹಿಂದೆ ಹೋದರು. ಆ ಹುಡುಗಿ ಅತ್ತಳು, ಆದರೆ ರಟ್ಟು ತೆಗೆಯಲಿಲ್ಲ. ಜೂನ್ ಕೊನೆಗೆ ಅದೇ ಮಾವನ ಮನೆಯಲ್ಲಿ ನಾಲ್ವರಿಗೆ ಪಾಸಿಟಿವ್ ಬಂತು. ಮಾವ ಗುಣವಾಗಿ ಮನೆಗೆ ಬಂದ ಮೇಲೆ ಮೊದಲು ಫೋನ್ ಮಾಡಿದ್ದು ಆ ಹುಡುಗಿಗೆ. "ಮಗಾ, ನೀನು ಮಾಡಿದ್ದು ಸರಿ" ಎಂದರು. ಉಮ್ಮನ ಕಿಮೋ ಆಗ ಕೊನೆಯ ಹಂತದಲ್ಲಿತ್ತು.

ಪ್ರತಿ ಮನೆಯ ಗೇಟಿಗೂ ಅಂತಹ ರಟ್ಟು ಕಟ್ಟುವ ಧೈರ್ಯ ಆ ಮನೆಯವರಿಗೆ ಬರುವುದಿಲ್ಲ. ಹೆಂಗಸರಿಗಂತೂ ಇಲ್ಲವೇ ಇಲ್ಲ. ಬಂದವರನ್ನು ಬಾಗಿಲಲ್ಲಿ ನಿಲ್ಲಿಸುವುದು ನಮ್ಮ ಮರ್ಯಾದೆಯಲ್ಲಿ ಇಲ್ಲ. ಆದ್ದರಿಂದ ತಡೆಯುವ ಕೆಲಸ ಒಳಗಿರುವವರದ್ದಲ್ಲ, ಹೊರಗಿರುವ ನಮ್ಮದು. ಸೋಂಕು ಇರುವ ಊರಿಗೆ ಹೋಗಬೇಡಿ, ಅಲ್ಲಿರುವವರು ಹೊರಗೆ ಬರಬೇಡಿ ಎಂಬ ಪಾಠ ನಮಗೆ ಹೊಸತಲ್ಲ. ಪ್ಲೇಗ್ ಹಬ್ಬಿದ ಸುದ್ದಿ ಕೇಳಿ ಖಲೀಫಾ ಉಮರ್ ಅವರು ಶಾಮ್ ನಾಡಿನ ದಾರಿಯಿಂದ ಹಿಂದಿರುಗಿದ ಸಂಗತಿಯನ್ನು ನಮ್ಮ ಉಸ್ತಾದರು ಆ ನಾಲ್ಕು ತಿಂಗಳಲ್ಲಿ ಎಷ್ಟು ಸಲ ಹೇಳಿದ್ದಾರೋ. ಕೇಳುವಾಗ ತಲೆ ಅಲ್ಲಾಡಿಸುತ್ತೇವೆ, ಮರುದಿನ ವಾರ್ಡಿನ ಮುಂದೆ ಗುಂಪು ಕಟ್ಟಿ ನಿಲ್ಲುತ್ತೇವೆ.

ಹೋಗದೆ ಇರುವುದೆಂದರೆ ಮರೆತು ಬಿಡುವುದಲ್ಲ. ರೋಗಿಯ ಮನೆಯವರಿಗೆ ಫೋನ್ ಮಾಡಿ "ಎಂತ ಬೇಕು?" ಎಂದು ಕೇಳಿ. ರೇಷನ್ ಬೇಕಾ, ಮದ್ದು ತಂದು ಕೊಡಬೇಕಾ, ಆಸ್ಪತ್ರೆಗೆ ಹೋಗಲು ಕಾರು ಬೇಕಾ? ದಿಂಬಿನಡಿ ಇಡುತ್ತಿದ್ದ ಹಣವನ್ನು ಖಾತೆಗೆ ಹಾಕಿ. ಹತ್ತು ಮಂದಿ ಒಬ್ಬೊಬ್ಬರೇ ಹೋಗಿ ಬರುವ ಪೆಟ್ರೋಲಿನ ಖರ್ಚು ಸೇರಿಸಿದರೆ ಒಂದು ಕಿಮೋದ ಮುಂಚಿನ ರಕ್ತ ಪರೀಕ್ಷೆಗೆ ಆಗುತ್ತದೆ. ದಿನಕ್ಕೊಂದು ಹೊತ್ತು ವೀಡಿಯೊ ಕಾಲ್ ಮಾಡಿ, ಆದರೆ ಹತ್ತು ನಿಮಿಷ ಸಾಕು. ಸುಸ್ತಾದ ರೋಗಿಗೆ ಕೇಳಿದ್ದನ್ನೇ ಕೇಳಿದವರಿಗೆ ಉತ್ತರಿಸುವುದೂ ಒಂದು ಶಿಕ್ಷೆ. ಕಾಯಿಲೆಯ ಹಿರಿಯರು ಒಬ್ಬರೇ ಆಸ್ಪತ್ರೆಯಲ್ಲಿ ಇರಲಾಗುವುದಿಲ್ಲ, ನಿಜ. ಹಾಗಾದರೆ ಜೊತೆಗೆ ಒಬ್ಬರೇ ನಿಲ್ಲಲಿ, ಆ ಒಬ್ಬರು ದಿನ ದಿನ ಬದಲಾಗದಿರಲಿ. ಮಾಸ್ಕ್ ಗಲ್ಲದ ಮೇಲೆ ಅಲ್ಲ, ಮೂಗು ಬಾಯಿಯ ಮೇಲೆ ಇರಲಿ. ಮೂಗು ಸೋರುತ್ತಿದ್ದರೆ, ಗಂಟಲು ಕೆರೆಯುತ್ತಿದ್ದರೆ ಅವರು ಮನೆಯಲ್ಲೇ ಉಳಿಯಲಿ.

ಇದಿಷ್ಟು ಒಂದು ಬದಿ. ಇನ್ನೊಂದು ಬದಿಯ ಕಥೆ ಇದಕ್ಕಿಂತ ಹೆಚ್ಚು ನೋವಿನದ್ದು. ಕೊರೋನದ ಹೆದರಿಕೆಗೆ ಹೋಗಲೇಬೇಕಾದವರೂ ಆಸ್ಪತ್ರೆಗೆ ಹೋಗುತ್ತಿರಲಿಲ್ಲ.

"ಆಸ್ಪತ್ರೆಗೆ ಹೋದ್ರೆ ಕೊರೋನ ಅಂತ ಹೇಳಿ ಹಾಕ್ತಾರೆ", "ಒಬ್ಬೊಬ್ಬ ಪಾಸಿಟಿವ್‌ಗೆ ಇಷ್ಟಿಷ್ಟು ಲಕ್ಷ ಉಂಟಂತೆ", "ಒಳಗೆ ಹೋದವರ ಮುಖ ಮತ್ತೆ ನೋಡ್ಲಿಕ್ಕೆ ಸಿಗ್ಲಿಕ್ಕಿಲ್ಲ". ಈ ಮಾತುಗಳು ವಾಟ್ಸ್‌ಆ್ಯಪ್‌ನಲ್ಲಿ ಹರಿದಾಡಿದ ವೇಗಕ್ಕೆ ರೋಗಾಣು ಕೂಡ ನಾಚಬೇಕಿತ್ತು. ಎದೆನೋವು ಬಂದವರು ಗ್ಯಾಸ್ ಎಂದು ಜೀರಿಗೆ ಕಷಾಯ ಕುಡಿದು ಮಲಗುತ್ತಿದ್ದರು. ಉಸಿರು ಕಟ್ಟುವವರೆಗೆ ಜ್ವರವನ್ನು ಅಡಗಿಸಿಡುತ್ತಿದ್ದರು. ಕೊನೆಗೆ ಆಸ್ಪತ್ರೆಯ ಬಾಗಿಲಿಗೆ ತಲುಪುವಾಗ ವೈದ್ಯರ ಕೈಯಲ್ಲಿ ಮಾಡಲಿಕ್ಕೆ ಏನೂ ಉಳಿದಿರುತ್ತಿರಲಿಲ್ಲ. ಅಂಥ ಸಾವು ಮತ್ತೆ "ನೋಡಿ, ಆಸ್ಪತ್ರೆಗೆ ಹೋದದ್ದೇ ಹೋದದ್ದು" ಎಂಬ ಹೊಸ ಸುದ್ದಿಗೆ ಆಹಾರ.

ಇಟಲಿಯಲ್ಲೂ ಹೀಗೇ ಆಯಿತು. ಅಲ್ಲಿ ಮಾರ್ಚ್‌ನಲ್ಲಿ ಹೃದಯಾಘಾತಕ್ಕೆಂದು ಆಸ್ಪತ್ರೆಗೆ ಬರುವವರ ಸಂಖ್ಯೆ ಹಿಂದಿನ ವರ್ಷಕ್ಕಿಂತ ಹೆಚ್ಚು ಕಡಿಮೆ ಅರ್ಧಕ್ಕೆ ಇಳಿಯಿತು. ಹೃದಯಾಘಾತವೇ ಕಡಿಮೆಯಾಯಿತೇ? ಇಲ್ಲ. ಲೊಂಬಾರ್ಡಿ ಪ್ರಾಂತದ ನಾಲ್ಕು ಜಿಲ್ಲೆಗಳಲ್ಲಿ ಫೆಬ್ರವರಿ 21ರಿಂದ ಮಾರ್ಚ್ 31ರ ನಡುವೆ ಆಸ್ಪತ್ರೆಯ ಹೊರಗೆ ಹೃದಯ ಸ್ತಂಭನವಾದವರು 362 ಮಂದಿ. ಹಿಂದಿನ ವರ್ಷ ಅದೇ ದಿನಗಳಲ್ಲಿ 229. ಅವರಲ್ಲಿ ಹಲವರು ಕೊರೋನದವರು, ಹೌದು. ಆದರೆ ಹೆದರಿ ಮನೆಯಲ್ಲೇ ಕೂತವರೂ ಆ ಲೆಕ್ಕದಲ್ಲಿ ಇದ್ದಾರೆ ಎಂಬ ಅನುಮಾನ ಅಲ್ಲಿನ ವೈದ್ಯರಿಗೂ ಉಂಟು.

ಹೃದಯಾಘಾತದಲ್ಲಿ ಮೊದಲ ಗಂಟೆಯೇ ನಿರ್ಣಾಯಕ. ರಕ್ತ ಸಿಗದ ಸ್ನಾಯು ನಿಮಿಷ ನಿಮಿಷಕ್ಕೂ ಸಾಯುತ್ತಿರುತ್ತದೆ, ಸತ್ತದ್ದು ಮತ್ತೆ ಜೀವ ಪಡೆಯುವುದಿಲ್ಲ. ಎದೆಯ ನಡುವೆ ಹಿಂಡಿದ ಹಾಗೆ ನೋವು, ಎಡಗೈಗೋ ದವಡೆಗೋ ಹರಿಯುವ ನೋವು, ತಣ್ಣನೆ ಬೆವರು, ಕಾರಣವಿಲ್ಲದ ಏದುಸಿರು ಬಂದರೆ ಕಾಯಬೇಡಿ. ಹೆಂಗಸರಲ್ಲಿ ಮತ್ತು ಸಕ್ಕರೆ ಕಾಯಿಲೆಯವರಲ್ಲಿ ನೋವೇ ಇಲ್ಲದೆ ಬರೀ ಸುಸ್ತು, ವಾಂತಿ, ಉಬ್ಬಸ ಬರಬಹುದು. 108ಕ್ಕೆ ಕರೆ ಮಾಡಿ. ಅದು ಬರಲು ತಡವಾದರೆ ಊರಿನ ಯಾವುದಾದರೂ ಕಾರು ಹಿಡಿಯಿರಿ. ನಮ್ಮ ಜಿಲ್ಲೆಯ ಹೃದ್ರೋಗ ತಜ್ಞ ಡಾ. ಪದ್ಮನಾಭ ಕಾಮತ್ ಅವರು ಹಳ್ಳಿಗಳ ಆರೋಗ್ಯ ಕೇಂದ್ರಗಳಿಗೆ ಇಸಿಜಿ ಯಂತ್ರ ತಲುಪಿಸಿ, ಅಲ್ಲಿ ತೆಗೆದ ಇಸಿಜಿಯನ್ನು ವಾಟ್ಸ್‌ಆ್ಯಪ್ ಮೂಲಕ ತಜ್ಞರು ನೋಡಿ ಸಲಹೆ ಕೊಡುವ ವ್ಯವಸ್ಥೆ ಕಟ್ಟಿದ್ದಾರೆ. ಅದೇ ವಾಟ್ಸ್‌ಆ್ಯಪ್ ಒಬ್ಬರ ಕೈಯಲ್ಲಿ ಜೀವ ಉಳಿಸುತ್ತದೆ, ಇನ್ನೊಬ್ಬರ ಕೈಯಲ್ಲಿ ಜೀವ ತೆಗೆಯುತ್ತದೆ. ನಮ್ಮ ಊರಿನ ಹತ್ತಿರದ ಯಾವ ಕೇಂದ್ರದಲ್ಲಿ ಇಸಿಜಿ ಉಂಟು ಎಂಬುದು ಪ್ರತಿ ಜಮಾಅತಿಗೂ ಗೊತ್ತಿರಲಿ.

ಕ್ಯಾನ್ಸರ್ ರೋಗಿಗಳಿಗೂ ಇದೇ ಮಾತು. ಕಿಮೋ ನಡೆಯುತ್ತಿರುವವರಿಗೆ 100.4 ಡಿಗ್ರಿ ಫ್ಯಾರನ್‌ಹೀಟ್‌ಗಿಂತ ಮೇಲೆ ಜ್ವರ ಬಂದರೆ ಅದು ತುರ್ತು ಸ್ಥಿತಿ. ಕೊರೋನವೇ ಆಗಬೇಕಿಲ್ಲ, ಬೇರೆ ಸಾಮಾನ್ಯ ಸೋಂಕೂ ಗಂಟೆಗಳ ಒಳಗೆ ರಕ್ತಕ್ಕೆ ಹರಡಬಹುದು. "ಈಗ ಜ್ವರ ಅಂತ ಹೇಳಿದ್ರೆ ಕೊರೋನ ವಾರ್ಡಿಗೆ ಹಾಕ್ತಾರೆ" ಎಂದು ಪ್ಯಾರಾಸಿಟಮಾಲ್ ನುಂಗಿ ಮುಚ್ಚಿಡಬೇಡಿ. ನಿಮ್ಮ ಕ್ಯಾನ್ಸರ್ ವೈದ್ಯರಿಗೆ ಕೂಡಲೇ ತಿಳಿಸಿ. ಹಾಗೆಯೇ ಕಿಮೋದ ದಿನಾಂಕವನ್ನು ನೀವೇ ಮುಂದೆ ಹಾಕಬೇಡಿ. ಯಾವುದನ್ನು ಎರಡು ವಾರ ತಡೆಯಬಹುದು, ಯಾವುದನ್ನು ಒಂದು ದಿನವೂ ತಡೆಯಬಾರದು, ಯಾವುದಕ್ಕೆ ಚುಚ್ಚುಮದ್ದಿನ ಬದಲು ಮಾತ್ರೆ ಕೊಡಬಹುದು ಎಂಬುದನ್ನು ಹೇಳಬಲ್ಲವರು ವೈದ್ಯರು ಮಾತ್ರ. ಬೆಂಗಳೂರಿನ ಕಿದ್ವಾಯಿಗೋ ತಲಶ್ಶೇರಿಯ ಮಲಬಾರ್ ಕ್ಯಾನ್ಸರ್ ಸೆಂಟರ್‌ಗೋ ಹೋಗುತ್ತಿದ್ದವರು ಪ್ರಯಾಣ ಕಷ್ಟವೆಂದು ಸುಮ್ಮನೆ ಕೂರದೆ, ಅಲ್ಲಿನ ವೈದ್ಯರನ್ನು ಕೇಳಿ ಇಲ್ಲೇ ಹತ್ತಿರದಲ್ಲಿ ಚಿಕಿತ್ಸೆ ಮುಂದುವರಿಸಬಹುದೇ ಎಂದು ವಿಚಾರಿಸಿ. ಫೋನಿನಲ್ಲೇ ಸಲಹೆ ಕೊಡಲು ವೈದ್ಯರಿಗೆ ಸರಕಾರ ಮಾರ್ಚ್‌ನಲ್ಲೇ ನಿಯಮ ರೂಪಿಸಿ ಅವಕಾಶ ಕೊಟ್ಟಿದೆ. ಬರೀ ಮದ್ದು ಬರೆಸಿಕೊಳ್ಳಲು ಆಸ್ಪತ್ರೆಗೆ ಹೋಗಿ ಸಾಲಿನಲ್ಲಿ ಕೂರುವ ಅಗತ್ಯ ಇಲ್ಲ.

ಮದ್ದಿನ ವಿಷಯದಲ್ಲಿ ಇನ್ನೆರಡು ಎಚ್ಚರಿಕೆ. ಕೆಲವು ಬಿಪಿ ಮಾತ್ರೆಗಳಿಂದ ಕೊರೋನ ಬೇಗ ಅಂಟುತ್ತದೆ ಎಂಬ ಸುದ್ದಿ ಮಾರ್ಚ್‌ನಲ್ಲಿ ಹಬ್ಬಿತ್ತು, ಕೆಲವರು ಅದನ್ನೇ ನಂಬಿ ಮಾತ್ರೆ ಬಿಟ್ಟಿದ್ದರು. ಹಾಗೆ ಬಿಡಬಾರದು ಎಂದು ಯುರೋಪಿನ ಹೃದ್ರೋಗ ತಜ್ಞರ ಸಂಘಟನೆ ಆಗಲೇ ಸ್ಪಷ್ಟಪಡಿಸಿದೆ. ಮಾತ್ರೆ ಬಿಟ್ಟು ಬಿಪಿ ಏರಿಸಿಕೊಂಡರೆ ಕೊರೋನ ಬರುವ ಮೊದಲೇ ಪಾರ್ಶ್ವವಾಯು ಬರಬಹುದು. ಇನ್ನೊಂದು, ಹೈಡ್ರಾಕ್ಸಿಕ್ಲೋರೋಕ್ವಿನ್. ಮುನ್ನೆಚ್ಚರಿಕೆಗೆಂದು ಯಾರೋ ಹೇಳಿದರೆಂದು ಅದನ್ನು ಮೆಡಿಕಲ್‌ನಿಂದ ತಂದು ನುಂಗುವವರು ಇದ್ದರು. ಅದು ಹೃದಯ ಬಡಿತದ ಲಯವನ್ನೇ ಕೆಡಿಸಬಲ್ಲ ಮದ್ದು. ಹೃದಯದ ರೋಗಿಗಳು ವೈದ್ಯರು ಹೇಳದೆ ಅದನ್ನು ಮುಟ್ಟಲೇಬಾರದು.

ಪಾಸಿಟಿವ್ ಬಂದು ಲಕ್ಷಣ ಇಲ್ಲದವರಿಗೆ ಮನೆಯಲ್ಲೇ ಇರಲು ಆಗ ಅವಕಾಶ ಸಿಕ್ಕಿತ್ತು. ಆದರೆ ಇದು ಎಲ್ಲರಿಗೂ ಅಲ್ಲ ಎಂಬುದು ಹಲವರಿಗೆ ಗೊತ್ತಿರಲಿಲ್ಲ. 2020ರ ಜುಲೈ 2ರ ಕೇಂದ್ರ ಸರಕಾರದ ಮಾರ್ಗಸೂಚಿಯ ಪ್ರಕಾರ ಕ್ಯಾನ್ಸರ್ ಚಿಕಿತ್ಸೆಯಲ್ಲಿ ಇರುವವರಿಗೆ ಹೋಂ ಐಸೊಲೇಶನ್ ಸಲ್ಲದಾಗಿತ್ತು. 60 ದಾಟಿದವರು, ಬಿಪಿ, ಸಕ್ಕರೆ, ಹೃದ್ರೋಗ ಇರುವವರು ವೈದ್ಯರು ಸರಿಯಾಗಿ ಪರೀಕ್ಷಿಸಿದ ಮೇಲೆ ಮಾತ್ರ ಮನೆಯಲ್ಲಿ ಉಳಿಯಬಹುದಿತ್ತು. "ನಮ್ಮ ಉಪ್ಪನನ್ನು ಕರೆದುಕೊಂಡು ಹೋಗಬೇಡಿ" ಎಂದು ಆಂಬ್ಯುಲೆನ್ಸ್ ಎದುರು ಜಗಳಕ್ಕೆ ನಿಲ್ಲುವ ಮಕ್ಕಳು ಇದನ್ನು ತಿಳಿಯಬೇಕು. ಉಪ್ಪನ ಮೇಲಿನ ಪ್ರೀತಿಯೇ ಉಪ್ಪನಿಗೆ ಕೇಡಾಗಬಾರದು. ಬೆರಳಿಗೆ ಸಿಕ್ಕಿಸಿ ಆಮ್ಲಜನಕ ನೋಡುವ ಪಲ್ಸ್ ಆಕ್ಸಿಮೀಟರ್ ಜಮಾಅತಿಗೆ ಎರಡೋ ಮೂರೋ ಇದ್ದರೆ ಊರಿಗೇ ಉಪಕಾರ. ಅದರ ಅಂಕೆ 95ಕ್ಕಿಂತ ಕೆಳಗೆ ಇಳಿದರೆ, ರೋಗಿಗೆ ಏದುಸಿರು ಇಲ್ಲದಿದ್ದರೂ, ವೈದ್ಯರಿಗೆ ತಿಳಿಸಬೇಕು. ಈ ರೋಗದಲ್ಲಿ ಮಾತನಾಡುತ್ತಾ ಕೂತವರ ರಕ್ತದಲ್ಲೂ ಆಮ್ಲಜನಕ ಸದ್ದಿಲ್ಲದೆ ಇಳಿಯುತ್ತದೆ.

ಆಸ್ಪತ್ರೆಯ ಹೆದರಿಕೆಗೆ ಬರೀ ಸುಳ್ಳು ಸುದ್ದಿಯೇ ಕಾರಣ ಎಂದು ಹೇಳಿ ಕೈ ತೊಳೆದುಕೊಳ್ಳುವುದೂ ನ್ಯಾಯವಲ್ಲ. ಏಪ್ರಿಲ್‌ನಲ್ಲಿ ಒಂದು ಸಮುದಾಯದ ಹೆಸರನ್ನೇ ರೋಗಕ್ಕೆ ಅಂಟಿಸಿ ಟಿವಿಗಳು ಕೂಗಾಡಿದ್ದನ್ನು ನಮ್ಮ ಹಿರಿಯರು ಮರೆತಿಲ್ಲ. ಗಡ್ಡ, ಬುರ್ಖಾ ಕಂಡರೆ ತರಕಾರಿ ಕೊಡದ ದಿನಗಳನ್ನು ನಮ್ಮ ಮನೆಯವರು ಅನುಭವಿಸಿದ್ದಾರೆ. ಆ ಗಾಯ ಇರುವವರಿಗೆ ಆಸ್ಪತ್ರೆಯ ಮೇಲೆ ನಂಬಿಕೆ ಇಡಿ ಎಂದು ಹೇಳುವುದು ಸುಲಭವಲ್ಲ.

ಹಾಗೆಯೇ ತಲಪಾಡಿಯನ್ನು ಮರೆಯಲು ಆದೀತೇ? ಮಾರ್ಚ್ ಕೊನೆಯಲ್ಲಿ ರಸ್ತೆಗೆ ಮಣ್ಣು ಸುರಿದು ಗಡಿ ಮುಚ್ಚಿದಾಗ, ಮಂಜೇಶ್ವರ, ಕುಂಬಳೆ, ಕಾಸರಗೋಡಿನ ಹೃದಯ ರೋಗಿಗಳು, ಡಯಾಲಿಸಿಸ್ ರೋಗಿಗಳು ಅತ್ತ ಕಡೆಯೇ ಉಳಿದರು. ಮಂಗಳೂರಿನ ಆಸ್ಪತ್ರೆಯನ್ನೇ ನಂಬಿ ಬದುಕಿದವರು ಅವರು. ನಮ್ಮ ಮನೆಗಳ ಹೆಣ್ಣುಮಕ್ಕಳನ್ನು ಕೊಟ್ಟ, ತಂದ ಊರುಗಳು ಅವು. ಸಮಯಕ್ಕೆ ಚಿಕಿತ್ಸೆ ಸಿಗದೆ ಹಲವರು ಪ್ರಾಣ ಬಿಟ್ಟರು. ಅವರಲ್ಲಿ ಯಾರನ್ನೂ ಕೊಂದದ್ದು ಕೊರೋನ ಅಲ್ಲ. ಕೇರಳ ಹೈಕೋರ್ಟ್, ಬಳಿಕ ಸುಪ್ರೀಂ ಕೋರ್ಟ್ ವರೆಗೆ ವಿಷಯ ಹೋದ ಮೇಲೆ ಏಪ್ರಿಲ್ ಮೊದಲ ವಾರದಲ್ಲಿ ತುರ್ತು ರೋಗಿಗಳಿಗೆ ದಾರಿ ತೆರೆಯಿತು. ಸೋಂಕನ್ನು ತಡೆಯುವ ಹೆಸರಿನಲ್ಲಿ ಬೇರೆ ರೋಗಿಗಳ ದಾರಿ ಮುಚ್ಚಿದರೆ ಆಗುವ ಅನಾಹುತ ಏನೆಂದು ತಿಳಿಯಲು ನಮಗೆ ಇಟಲಿಯ ಲೆಕ್ಕ ಬೇಕಾಗಿಲ್ಲ, ತಲಪಾಡಿ ಸಾಕು.

ಆದ್ದರಿಂದ ಆಡಳಿತಕ್ಕೂ ಆಸ್ಪತ್ರೆಗಳಿಗೂ ನಮ್ಮದೊಂದು ಮಾತು. ವೆನ್ಲಾಕ್ ಅನ್ನು ಕೊರೋನ ಆಸ್ಪತ್ರೆ ಮಾಡಿದ್ದು ಅನಿವಾರ್ಯವೇ ಇರಬಹುದು. ಆದರೆ ಅಲ್ಲಿಗೆ ಬರುತ್ತಿದ್ದ ಬಡ ಹೃದ್ರೋಗಿ, ಬಡ ಕ್ಯಾನ್ಸರ್ ರೋಗಿ ಆಗ ಯಾವ ಬಾಗಿಲಿಗೆ ಹೋಗಬೇಕು, ಅಲ್ಲಿ ಆಯುಷ್ಮಾನ್ ಕಾರ್ಡು ನಡೆಯುತ್ತದೆಯೇ, ಎಷ್ಟು ಕೊಡಬೇಕು ಎಂಬುದನ್ನು ಕನ್ನಡದಲ್ಲಿ, ಊರೂರಿಗೆ ತಲುಪುವಂತೆ ಹೇಳಬೇಕಿತ್ತು. ಜ್ವರದವರಿಗೂ ಉಳಿದ ರೋಗಿಗಳಿಗೂ ಬೇರೆ ಬೇರೆ ಬಾಗಿಲು, ಬೇರೆ ಸಿಬ್ಬಂದಿ ಇರಬೇಕು. ಎದೆನೋವಿನಿಂದ ಬಂದವರನ್ನು ಕೊರೋನ ವರದಿ ಬರಲೆಂದು ಹೊರಗೆ ಕಾಯಿಸಬಾರದು. ರೋಗಿಯ ಸ್ಥಿತಿ ಏನು ಎಂದು ದಿನಕ್ಕೊಮ್ಮೆ ಮನೆಯವರಿಗೆ ಫೋನ್ ಮಾಡಿ ಹೇಳುವ ಒಬ್ಬ ಸಿಬ್ಬಂದಿ ಇದ್ದರೆ ಅರ್ಧ ಸುಳ್ಳು ಸುದ್ದಿ ಅಲ್ಲೇ ಸಾಯುತ್ತದೆ. ಬಿಲ್ಲಿನಲ್ಲಿ ಪ್ರತಿಯೊಂದರ ಲೆಕ್ಕ ಬರೆದು ಕೊಟ್ಟರೆ ಉಳಿದರ್ಧವೂ ಸಾಯುತ್ತದೆ.

ನಮ್ಮ ಸಮುದಾಯದ ಸಂಘಟನೆಗಳು ಆ ನಾಲ್ಕು ತಿಂಗಳಲ್ಲಿ ಮಾಡಿದ್ದು ಸಣ್ಣ ಕೆಲಸವಲ್ಲ. ಕಿಟ್ ಹಂಚಿದರು, ಗಲ್ಫಿನಿಂದ ಬಂದವರಿಗೆ ಕ್ವಾರಂಟೈನ್ ವ್ಯವಸ್ಥೆಗೆ ನೆರವಾದರು, ಯಾರೂ ಮುಟ್ಟಲು ಹೆದರುವ ಹೊತ್ತಿನಲ್ಲಿ ಪಿಪಿಇ ತೊಟ್ಟು ಮಯ್ಯಿತ್ ದಫನ ಮಾಡಲು ನಮ್ಮ ಯುವಕರು ಮುಂದೆ ನಿಂತರು. ಇನ್ನು ಜೀವ ಇರುವವರ ಕಡೆಗೂ ಅಷ್ಟೇ ಗಮನ ಬೇಕು. ಪ್ರತಿ ಜಮಾಅತಿನಲ್ಲಿ ಒಂದು ಪಟ್ಟಿ ಆಗಲಿ: ನಮ್ಮ ವ್ಯಾಪ್ತಿಯಲ್ಲಿ ಕಿಮೋ ಪಡೆಯುವವರು ಎಷ್ಟು ಮಂದಿ, ಸ್ಟೆಂಟ್ ಹಾಕಿಸಿದವರು, ಬೈಪಾಸ್ ಆದವರು, ಡಯಾಲಿಸಿಸ್‌ನಲ್ಲಿ ಇರುವವರು ಯಾರು? ಅವರ ಮಕ್ಕಳು ಊರಲ್ಲಿ ಇದ್ದಾರೋ ಗಲ್ಫ್‌ನಲ್ಲಿ ಸಿಕ್ಕಿಬಿದ್ದಿದ್ದಾರೋ? ರಾತ್ರಿ ಎರಡು ಗಂಟೆಗೆ ಅವರು ಕರೆಯಬಹುದಾದ ಕಾರು ಯಾರದ್ದು? ಪಟ್ಟಿ ನೋಟಿಸ್ ಬೋರ್ಡಿಗೆ ಹಚ್ಚಲು ಅಲ್ಲ, ಇಬ್ಬರು ಜವಾಬ್ದಾರಿ ಇರುವವರ ಕೈಯಲ್ಲಿ ಇರಲಿ. ಕಾಯಿಲೆಯ ಗುಟ್ಟು ಕಾಯುವುದೂ ಒಂದು ಅಮಾನತ್.

ರಕ್ತದಾನದಲ್ಲಿ ನಮ್ಮ ಹುಡುಗರು ಹಿಂದೆ ಬಿದ್ದವರಲ್ಲ. ಆದರೆ ಶಿಬಿರಗಳು ನಿಂತು ಬ್ಲಡ್ ಬ್ಯಾಂಕುಗಳಲ್ಲಿ ರಕ್ತ ಕಡಿಮೆಯಾಗಿತ್ತು. ಕ್ಯಾನ್ಸರ್ ರೋಗಿಗಳಿಗೆ ಬೇಕಾಗುವ ಪ್ಲೇಟ್‌ಲೆಟ್ ಐದು ದಿನಕ್ಕಿಂತ ಹೆಚ್ಚು ಇಟ್ಟರೆ ಹಾಳು. ಒಂದೇ ದಿನ ನೂರು ಮಂದಿ ಗುಂಪು ಸೇರಿ ಕೊಟ್ಟು ಫೋಟೊ ತೆಗೆಸುವುದಕ್ಕಿಂತ ದಿನಕ್ಕೆ ನಾಲ್ಕು ಮಂದಿ ಸಮಯ ಗೊತ್ತು ಮಾಡಿ ಹೋಗಿ ಕೊಟ್ಟು ಬಂದರೆ ರೋಗಿಗೂ ಉಪಕಾರ, ಗುಂಪಿನ ಅಪಾಯವೂ ಇಲ್ಲ.

ಬಕ್ರೀದಿನ ಮಾಂಸ ಕೊಡಲು ಹೋಗುವಾಗ ರೋಗಿಯ ಮನೆಯ ಗೇಟಿನಲ್ಲಿ ಚೀಲ ತೂಗಿಸಿ ಕೂಗಿ ಹೇಳಿ ಬನ್ನಿ. ಒಳಗೆ ಕರೆದರೂ ಹೋಗಬೇಡಿ. "ಮುಂದಿನ ಹಬ್ಬಕ್ಕೆ ಖಂಡಿತ ಕೂತು ಊಟ ಮಾಡುವ" ಎಂದು ಹೇಳಿ. ಕರೆದ ಮನೆಯವರಿಗೆ ಬೇಸರವಾಗದು, ಅವರಿಗೂ ಬೇಕಾದದ್ದು ಅದೇ. ಮುಂದಿನ ಹಬ್ಬಕ್ಕೆ ಆ ಉಮ್ಮ, ಆ ಉಪ್ಪ ತಮ್ಮ ಜಾಗದಲ್ಲೇ ಕೂತಿರಬೇಕು, ನಾವು ಹೋಗಿ ಅವರ ಕೈ ಹಿಡಿದು ಸಲಾಂ ಹೇಳಬೇಕು. ಅದಕ್ಕಾಗಿ ಈ ಒಂದು ಹಬ್ಬಕ್ಕೆ ಗೇಟಿನ ಹೊರಗೆ ನಿಲ್ಲುವುದು ನಮಗೆ ದೊಡ್ಡ ಕಷ್ಟವೇನಲ್ಲ.